ಪ್ರೌಢಶಾಲೆಯ ಸೀಟು ಯಾರಿಗೆ?



ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಶ್ರೀರಂಗಪಟ್ಟಣ ಸೇರುವುದಕ್ಕೆ ಸ್ವಲ್ಪ ಮೊದಲು ಕಿರಂಗೂರು ಸಿಗುತ್ತದೆ. ಶ್ರೀರಂಗಪಟ್ಟಣ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪ ಇರುವುದು ಇಲ್ಲಿಯೇ. ಊರು ದಾಟಿದರೆ ಕಾವೇರಿಯ ಉತ್ತರದ ಕವಲು, ಅದರ ಮೇಲೆ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆ. ದಸರಾ, ಟಿಪ್ಪು, ಕೋಟೆ, ಕದನ ಇವೆಲ್ಲದರ ಇತಿಹಾಸವನ್ನು ನೀವು ಅನೇಕ ಸಲ ಓದಿದ್ದೀರಿ, ನೋಡಿದ್ದೀರಿ. ಇಂದು ನಾವು ನೆನೆಯಬೇಕೆಂದಿರುವುದು ಇದೇ ನೆಲದ ಇನ್ನೊಂದು ಇತಿಹಾಸ. ಅದರಲ್ಲಿ ರಾಜರಿದ್ದಾರೆ, ಆದರೆ ಅವರು ಮುಖ್ಯರಲ್ಲ. ಪುಸ್ತಕದ ಚೀಲ ಹಿಡಿದ ಹನ್ನೆರಡು ಹದಿಮೂರು ವರ್ಷದ ಮಗುವೇ ಅಲ್ಲಿ ಮುಖ್ಯ. ಆ ಮಗು ತನ್ನ ಊರಿನ ಶಾಲೆ ಮುಗಿಸಿ ಪ್ರೌಢಶಾಲೆ ಸೇರಬೇಕು. ಅದಕ್ಕೆ ಅಲ್ಲಿ ಒಂದು ಸ್ಥಳ, ನಮ್ಮೆಲ್ಲರ ಮಾತಿನಲ್ಲಿ ಹೇಳುವುದಾದರೆ ಒಂದು ಸೀಟು, ಸಿಗಬೇಕು. ಆ ಸೀಟನ್ನು ಯಾರಿಗೆ ಕೊಡುವುದು, ಯಾವ ಲೆಕ್ಕದಲ್ಲಿ ಕೊಡುವುದು?

ಪ್ರತಿವರ್ಷ ಪ್ರವೇಶದ ಸಮಯ ಬಂದಾಗ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಅರ್ಜಿ ನಮೂನೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಆಯ್ಕೆ ಪಟ್ಟಿ ಇವುಗಳ ಗಡಿಬಿಡಿಯಲ್ಲಿ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ಸೀಟು ಹಂಚುವ ಕೆಲಸ ಆಯ್ಕೆ ಪಟ್ಟಿಯಿಂದ ಆರಂಭವಾಗುವುದಿಲ್ಲ. ಅರ್ಜಿ ಹಾಕಲು ಯಾರಿಗೆ ಸಾಧ್ಯವಾಯಿತು ಎಂಬಲ್ಲಿಯೇ ಅರ್ಧ ಹಂಚಿಕೆ ಮುಗಿದಿರುತ್ತದೆ. ಹಳೆಯ ಮೈಸೂರು ಸೀಮೆಯ ಸುಮಾರು 200 ವರ್ಷಗಳ ಶಾಲಾ ಇತಿಹಾಸ ಈ ಮಾತಿಗೆ ಸಾಕ್ಷಿ.

ದೂರವೇ ಮೊದಲ ಜರಡಿ

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆಯನ್ನು ತೆರೆದರು. ಅಲ್ಲಿ ಫೀಜು ಇರಲಿಲ್ಲ. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಇದೇ ಶಾಲೆ. 1854ರ ವುಡ್ ಶಿಕ್ಷಣ ನಿರೂಪದ ನಂತರ, 1857ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾಯಿತು. ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರನ್ನು ನೀವು ಬಲ್ಲಿರಿ. ಅದೇ ರೈಸ್ ಅವರು ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ಹೋಬಳಿಗೊಂದು ಶಾಲೆ ಇರಬೇಕೆಂಬ 1868ರ ಯೋಜನೆ ಅವರದು.

ಈ ಏರ್ಪಾಡನ್ನು ಒಂದು ಗೋಪುರದಂತೆ ಕಲ್ಪಿಸಿಕೊಳ್ಳಿ. ತಳದಲ್ಲಿ ಹಳ್ಳಿಯ, ಹೋಬಳಿಯ ಕನ್ನಡ ಶಾಲೆ. ಅದರ ಮೇಲೆ ಪೇಟೆ ಪಟ್ಟಣಗಳ ಎ. ವಿ. ಸ್ಕೂಲು, ಅಂದರೆ ಇಂಗ್ಲಿಷನ್ನೂ ಕನ್ನಡವನ್ನೂ ಕಲಿಸುವ ಶಾಲೆ. ಅದಕ್ಕೂ ಮೇಲೆ ದೊಡ್ಡ ಊರುಗಳಲ್ಲಿ ಮಾತ್ರ ಇದ್ದ ಹೈಸ್ಕೂಲು. ಗೋಪುರ ಮೇಲೇರಿದಂತೆ ಕಿರಿದಾಗುತ್ತದಷ್ಟೆ. ಹಾಗೆ ಕಿರಿದಾದ ಕಡೆಯಲ್ಲಿ ಯಾರೂ ಅರ್ಜಿಗಳನ್ನು ತೂಗಿ ನೋಡಬೇಕಾಗಿರಲಿಲ್ಲ. ದೂರವೇ ಆ ಕೆಲಸವನ್ನು ಮಾಡಿಬಿಡುತ್ತಿತ್ತು.

ನಮ್ಮ ನಾಲ್ಕು ತಾಲೂಕುಗಳನ್ನೇ ನೋಡೋಣ. ಶ್ರೀರಂಗಪಟ್ಟಣದ ಕಡೆಯವರಿಗೆ ಒಂದು ಅನುಕೂಲವಿತ್ತು. ಬೆಂಗಳೂರು ಮೈಸೂರು ರೈಲುದಾರಿ 1880ರ ದಶಕದ ಆರಂಭದಲ್ಲೇ ಅವರ ಊರಿನ ಮೇಲೆ ಹಾದುಹೋಯಿತು. ಕಿರಂಗೂರಿನ ಹುಡುಗನಿಗೆ ಸೇತುವೆಯ ಆಚೆ ಪಟ್ಟಣವಿತ್ತು, ಪಟ್ಟಣದಿಂದ ಹತ್ತು ಮೈಲಿಯ ಒಳಗೆ ಮೈಸೂರಿತ್ತು. ನಾಗಮಂಗಲಕ್ಕೆ ಆಗ ರೈಲಿಲ್ಲ. ಅಲ್ಲಿಯ ಹಳ್ಳಿಯ ಹುಡುಗನಿಗೆ ಹೈಸ್ಕೂಲು ಎಂದರೆ ಮನೆ ಬಿಟ್ಟು ಹೋಗುವುದು ಎಂದೇ ಅರ್ಥ.

ಈ ಸೀಮೆ ಕನ್ನಡಕ್ಕೆ ಕೊಟ್ಟ ಸಾಹಿತಿಗಳನ್ನು ಒಮ್ಮೆ ನೆನೆಯಿರಿ. ನಾಗಮಂಗಲ ತಾಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರ ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಪು. ತಿ. ನರಸಿಂಹಾಚಾರ್ ಅವರು ಪಾಂಡವಪುರ ತಾಲೂಕಿನ ಮೇಲುಕೋಟೆಯವರು. ಎ. ಎನ್. ಮೂರ್ತಿರಾಯರು ಕೃಷ್ಣರಾಜಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನವರು, ಕೆ. ಎಸ್. ನರಸಿಂಹಸ್ವಾಮಿಯವರು ಅದೇ ತಾಲೂಕಿನ ಕಿಕ್ಕೇರಿಯವರು. ಇವರೆಲ್ಲರೂ ಓದಿಗಾಗಿ ಮೈಸೂರಿನ ಹಾದಿ ಹಿಡಿದವರೇ. ಓದುಬರಹದ ಪರಂಪರೆ ಇದ್ದ ಮನೆಗಳು ಅವು. ಮಗನನ್ನು ದೂರದ ಊರಿಗೆ ಕಳಿಸಬೇಕೆಂಬ ಅರಿವು ಅಲ್ಲಿತ್ತು, ಹೋದಲ್ಲಿ ನಂಟರೋ ಪರಿಚಿತರೋ ಇರುತ್ತಿದ್ದರು. ಅದೇ ಊರುಗಳಲ್ಲಿ, ಅದೇ ವರ್ಷಗಳಲ್ಲಿ ಹುಟ್ಟಿದ ಒಕ್ಕಲು ಮಕ್ಕಳು, ಕುಂಬಾರರ, ಬೆಸ್ತರ, ಹೊಲೆಯ ಮಾದಿಗರ ಮಕ್ಕಳು ಎಷ್ಟು ಮಂದಿ ಹಾಗೆ ಹೋಗಿದ್ದಾರು? ಅವರು ಅರ್ಜಿ ಹಾಕಿ ಸೀಟು ಕಳೆದುಕೊಂಡವರಲ್ಲ. ಅರ್ಜಿಯ ತನಕ ಬರಲೇ ಆಗದವರು. ಆದ್ದರಿಂದಲೇ ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಹೆಣ್ಣುಮಕ್ಕಳ ಮಾತಂತೂ ಇನ್ನೂ ಮುಂದಿನದು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಅದೇ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಅದು ನಗರದ ಭಾಗ್ಯ. ಹಳ್ಳಿಯ ಹುಡುಗಿಗೆ ಆ ಬಾಗಿಲು ಕಾಣಿಸಲು ಇನ್ನೂ ಹಲವು ದಶಕಗಳು ಬೇಕಾದವು.

ಅನ್ನ ಮತ್ತು ಹಾಸಿಗೆ

ಹಾಗಾದರೆ ದೂರವನ್ನು ಗೆದ್ದವರು ಗೆದ್ದದ್ದು ಹೇಗೆ? ಉತ್ತರ ಸರಳ. ಓದುವ ಊರಿನಲ್ಲಿ ಅನ್ನ ಸಿಕ್ಕಿದವರು ಗೆದ್ದರು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಓದಿದವರ ಆತ್ಮಕಥೆಗಳನ್ನು ನೀವು ಓದಿರಬಹುದು. ಅದು ಸುಖದ ಬದುಕಲ್ಲ, ಅವಮಾನವೂ ಅದರಲ್ಲಿತ್ತು. ಆದರೂ ಅದೊಂದು ದಾರಿ. ಉಳಿದ ಜಾತಿಯ ಹುಡುಗರಿಗೆ ಆ ದಾರಿಯೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿಕೊಂಡ ಸಮುದಾಯ ಸಂಘಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಲಿಂಗಾಯತರೂ ಇತರರೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಸಭೆಗಳಲ್ಲಿ ಅವರು ಏನೇ ಮಾತಾಡಿರಲಿ, ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು ವಿದ್ಯಾರ್ಥಿನಿಲಯ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯಲ್ಲಿ 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮಿಗಳು ಅನ್ನ ಮತ್ತು ಅಕ್ಷರ ಎರಡನ್ನೂ ಜೊತೆಯಾಗಿಯೇ ನಡೆಸಿದರು. ಈ ಹಿರಿಯರಿಗೆಲ್ಲ ತಿಳಿದಿದ್ದ ಸತ್ಯ ಒಂದೇ. ಹಳ್ಳಿಯ ಮಗುವಿಗೆ ಹೈಸ್ಕೂಲಿನ ಬೆಂಚಿಗಿಂತ ಮೊದಲು ಬೇಕಾದದ್ದು ಊಟದ ತಟ್ಟೆ ಮತ್ತು ಮಲಗುವ ಚಾಪೆ.

ಆದರೆ ಹಸಿವಿಗಿಂತ ಕಠಿಣವಾದ ಇನ್ನೊಂದು ಅಡ್ಡಗೋಡೆ ಇತ್ತು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗೆ ಶಾಲೆಯ ಒಳಗೇ ಪ್ರವೇಶವಿರಲಿಲ್ಲ. ಅವರಿಗಾಗಿ ಬೇರೆ ಶಾಲೆಗಳಿದ್ದವು, ಅವು ಕೆಳಗಿನ ತರಗತಿಗಳಿಗೇ ನಿಲ್ಲುತ್ತಿದ್ದವು. 1910ರ ದಶಕದಲ್ಲಿ ಮೈಸೂರು ಸರ್ಕಾರ ತನ್ನ ಶಾಲೆಗಳನ್ನು ಈ ಮಕ್ಕಳಿಗೂ ತೆರೆಯಿತು. ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ. ಆರ್. ರೆಡ್ಡಿಯವರು ಈ ನೀತಿಯ ಪರವಾಗಿ ಗಟ್ಟಿಯಾಗಿ ನಿಂತರು. ವಿರೋಧ ಬಂತು. ಕೆಲವು ಕಡೆ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ್ದೂ ಉಂಟು. ಮೈಸೂರಿನಲ್ಲಿ ಆರ್. ಗೋಪಾಲಸ್ವಾಮಿ ಅಯ್ಯರ್ ಅವರು ಈ ಸಮುದಾಯಗಳ ಮಕ್ಕಳಿಗಾಗಿ ವಸತಿ ಶಾಲೆಯನ್ನು ನಡೆಸಿ, ಅವರು ಮುಂದೆ ಓದುವಂತೆ ದುಡಿದರು. ಬಾಗಿಲು ತೆರೆಯಬೇಕೆಂಬ ಆದೇಶ ಒಂದು ದಿನದ್ದು. ಆ ಬಾಗಿಲಿನಿಂದ ಮಗು ಒಳಗೆ ಹೋಗಿ ಕುಳಿತುಕೊಳ್ಳುವಂತಾಗಲು ಎಷ್ಟು ವರ್ಷ ಬೇಕಾಯಿತೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವುದು ಹೇಗೆಂಬುದು ಸಮಿತಿಯ ಮುಂದಿದ್ದ ಪ್ರಶ್ನೆ. 1919ರಲ್ಲಿ ಬಂದ ವರದಿ ನೌಕರಿಯ ಪಾಲನ್ನು ಮಾತ್ರ ಹೇಳಲಿಲ್ಲ, ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಅಗತ್ಯವನ್ನೂ ಹೇಳಿತು. ನೌಕರಿಯ ಪಟ್ಟಿಯಲ್ಲಿ ಒಂದು ಹೆಸರು ಬರಬೇಕಾದರೆ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಅದು ಮೊದಲು ಬಂದಿರಬೇಕಲ್ಲವೇ? 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಇದೇ ಜಾಡಿನಲ್ಲಿ ಮುಂದೆ ಹೋಯಿತು. ಎಲ್. ಜಿ. ಹಾವನೂರರ ಆಯೋಗದ ವರದಿ 1975ರಲ್ಲಿ ಬಂತು. ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯೂ, ತಾಲೂಕುಗಳಲ್ಲಿ ವಿದ್ಯಾರ್ಥಿನಿಲಯಗಳೂ ಬಂದವು.

ಪರೀಕ್ಷೆ ಎಂಬ ಬಾಗಿಲು

ಇನ್ನು ಪರೀಕ್ಷೆಯ ಮಾತು. ಹಿರಿಯ ಓದುಗರಿಗೆ ಲೋಯರ್ ಸೆಕೆಂಡರಿ, ಅಂದರೆ ಎಲ್. ಎಸ್. ಪರೀಕ್ಷೆಯ ಹೆಸರು ಗೊತ್ತು. ಅದರ ನಂತರದ ತಲೆಮಾರು ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಬರೆದು ಬಂದಿದೆ. ಪಾಸಾದವರು ಮುಂದಕ್ಕೆ, ಫೇಲಾದವರು ಹೊಲಕ್ಕೆ ಎಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿತ್ತು. ಎರಡು ಬಗೆಯ ಪರೀಕ್ಷೆಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದು, ಇಷ್ಟು ಕಲಿತಿದ್ದೀಯಾ ಎಂದು ಕೇಳುವ ಪರೀಕ್ಷೆ. ಅದರಲ್ಲಿ ಎಲ್ಲರೂ ಪಾಸಾಗಬಹುದು. ಇನ್ನೊಂದು, ಇರುವುದು ಇಷ್ಟೇ ಸ್ಥಳ, ನೀನು ಎಷ್ಟನೆಯವನು ಎಂದು ಕೇಳುವ ಪರೀಕ್ಷೆ. ಅದರಲ್ಲಿ ಎಲ್ಲರೂ ಗೆಲ್ಲಲು ಸಾಧ್ಯವೇ ಇಲ್ಲ. ನಮ್ಮ ಎಲ್. ಎಸ್. ಮತ್ತು ಏಳನೆಯ ತರಗತಿಯ ಪರೀಕ್ಷೆಗಳು ಮೊದಲನೆಯ ಬಗೆಯವು.

ಎರಡನೆಯ ಬಗೆಯನ್ನು ಇಡೀ ದೇಶಕ್ಕೆ ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. 1944ರ ಶಿಕ್ಷಣ ಕಾಯಿದೆಯ ನಂತರ ಅಲ್ಲಿ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಪರೀಕ್ಷೆ ಇಟ್ಟರು. ಗೆದ್ದ ಕೆಲವರಿಗೆ ಗ್ರಾಮರ್ ಶಾಲೆ, ಉಳಿದ ಬಹುಪಾಲು ಮಕ್ಕಳಿಗೆ ಸಾಧಾರಣ ಮಾಧ್ಯಮಿಕ ಶಾಲೆ. ಹನ್ನೊಂದನೆಯ ವಯಸ್ಸಿನ ಒಂದು ದಿನ ಮಗುವಿನ ಬಾಳಿನ ದಿಕ್ಕನ್ನೇ ಗೊತ್ತುಮಾಡುತ್ತದೆಂಬ ಅಸಮಾಧಾನ ಬೆಳೆಯಿತು. 1965ರಲ್ಲಿ ಅಲ್ಲಿಯ ಸರ್ಕಾರವೇ ಸುತ್ತೋಲೆ ಹೊರಡಿಸಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದುವ ಪದ್ಧತಿಗೆ ಹೊರಳುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಹೆಚ್ಚಿನ ಕಡೆ ಆ ಪರೀಕ್ಷೆ ಮರೆಯಾಯಿತು. ಅದೇ ವರ್ಷಗಳಲ್ಲಿ, 1964ರಿಂದ 1966ರವರೆಗೆ ಕೆಲಸ ಮಾಡಿದ ನಮ್ಮ ಕೊಠಾರಿ ಆಯೋಗವೂ ನೆರೆಹೊರೆಯ ಶಾಲೆಯ ಕಲ್ಪನೆಯನ್ನು ಮುಂದಿಟ್ಟಿತು. ಒಂದು ಊರಿನ ಮಕ್ಕಳೆಲ್ಲ, ಶ್ರೀಮಂತರಿರಲಿ ಬಡವರಿರಲಿ, ಹತ್ತಿರದ ಒಂದೇ ಶಾಲೆಯಲ್ಲಿ ಕೂಡಿ ಓದಬೇಕೆಂಬುದು ಅದರ ಸಾರ.

ಬಾಗಿಲು ಅಗಲವಾದ ದಶಕಗಳು

ಮಂಡ್ಯ ಸೀಮೆಯಲ್ಲಿ ಈ ಹೊತ್ತಿಗೆ ಬೇರೊಂದು ಬದಲಾವಣೆ ನಡೆದಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ಕಬ್ಬಿನ ಹಣ ಕಂಡ ರೈತನ ಮನೆಯಲ್ಲಿ ಮಗನನ್ನು ಓದಿಸುವ ಮಾತು ಬಂತು. ಸ್ವಾತಂತ್ರ್ಯದ ನಂತರ ಸರ್ಕಾರದ ಶಾಲೆಗಳ ಜೊತೆಗೆ, ಸಹಾಯಧನದ ನೆರವಿನಿಂದ ಊರ ಹಿರಿಯರು ಕಟ್ಟಿದ ಶಾಲೆಗಳೂ ಬೆಳೆದವು. ಮುಂದೆ ರಾಜ್ಯದ ಶಿಕ್ಷಣ ಸಚಿವರಾದ, ಮಂಡ್ಯದ ಜನ ‘ನಿತ್ಯಸಚಿವ’ ಎಂದು ಕರೆದ ಕೆ. ವಿ. ಶಂಕರಗೌಡರಂಥವರು ಶಿಕ್ಷಣ ಸಂಸ್ಥೆ ಕಟ್ಟುವುದನ್ನು ಜೀವನದ ಕಾಯಕವನ್ನಾಗಿ ಮಾಡಿಕೊಂಡರು.

ಇದರ ಫಲವಾಗಿ ಸದ್ದಿಲ್ಲದೆ ಒಂದು ದೊಡ್ಡ ಕೆಲಸ ಆಯಿತು. ಸರ್ಕಾರಿ ಪ್ರೌಢಶಾಲೆಯಲ್ಲಿ ಸೀಟು ಹಂಚುವ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲವಾಯಿತು. ಏಳನೆಯ ತರಗತಿ ಮುಗಿಸಿ ವರ್ಗಾವಣೆ ಪತ್ರ ತಂದ ಮಗುವಿಗೆ ಎಂಟನೆಯ ತರಗತಿಯಲ್ಲಿ ಸ್ಥಳವಿದೆ. ಅಂಕ ಕೇಳುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಇಲ್ಲಿ ಪಟ್ಟಿ ಇಲ್ಲ, ಆದ್ದರಿಂದ ಸುದ್ದಿಯೂ ಇಲ್ಲ. ಸುದ್ದಿ ಇಲ್ಲದ ಕಾರಣಕ್ಕೆ ಇದರ ಬೆಲೆಯನ್ನು ನಾವು ಅರಿತಿಲ್ಲ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ, ಪ್ರತಿ ವಾಸಸ್ಥಳದಿಂದ 5 ಕಿಲೋಮೀಟರ್ ಒಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಇಟ್ಟಿತು. ಅದಕ್ಕೂ ಮೊದಲು, 2006-07ರಲ್ಲಿ, ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ನಾಲೆಯ ಏರಿಯ ಮೇಲೆ ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುವ ಹುಡುಗಿಯರನ್ನು ಈ ಭಾಗದವರು ನೋಡಿದ್ದೀರಿ. ಸೀಟು ಎಂದರೆ ಆ ಸೈಕಲ್ಲಿನ ಸೀಟೂ ಹೌದು ಎಂದರೆ ತಪ್ಪಾಗಲಾರದು. ಕೊರೊನಾ ಕಾಲದ ನಂತರ ಆ ವಿತರಣೆ ನಿಂತುಹೋಯಿತು.

ಸ್ಪರ್ಧೆ ಮರಳಿ ಬಂದದ್ದು

ಬಾಗಿಲು ಅಗಲವಾದ ಕಾಲದಲ್ಲೇ ಕಿರಿದಾದ ಕೆಲವು ಬಾಗಿಲುಗಳನ್ನೂ ಹೊಸದಾಗಿ ಕಟ್ಟಲಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಸುಪಾಸಿನಲ್ಲಿ ಬಂದ ಜವಾಹರ ನವೋದಯ ವಿದ್ಯಾಲಯಗಳು ಜಿಲ್ಲೆಗೊಂದರಂತೆ ಆರಂಭವಾದವು. ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಊಟ, ವಸತಿ, ಓದು ಎಲ್ಲವೂ ಅಲ್ಲೇ. ಆಯ್ಕೆ ಪ್ರವೇಶ ಪರೀಕ್ಷೆಯಿಂದ. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಜಿಲ್ಲೆಯ ಜನಸಂಖ್ಯೆಗೆ ತಕ್ಕ ಪಾಲು. ಹಳ್ಳಿಯ ಮಗುವಿಗೆ ಇದು ನಿಜವಾಗಿ ದೊಡ್ಡ ಕೊಡುಗೆಯೇ.

ಆದರೆ ನಿಯಮದ ಒಳಗೆ ಇಳಿದು ನೋಡಿ. ಗ್ರಾಮೀಣ ಮಗು ಎನ್ನಿಸಿಕೊಳ್ಳಬೇಕಾದರೆ ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ತಿಯಾಗಿ ಓದಿರಬೇಕು. ಪರೀಕ್ಷೆ ಬರೆಯಲು ಒಂದೇ ಅವಕಾಶ. ಈ ನಿಯಮ ತಿಳಿದ ಮನೆಯವರು ಮಗುವನ್ನು ಎರಡು ವರ್ಷ ಮೊದಲೇ ತಯಾರು ಮಾಡುತ್ತಾರೆ, ತರಬೇತಿಗೂ ಕಳಿಸುತ್ತಾರೆ. ತಿಳಿಯದವರ ಮನೆಯಲ್ಲಿ ಅರ್ಜಿಯ ಕೊನೆಯ ದಿನಾಂಕ ಹಾಗೆಯೇ ಕಳೆದುಹೋಗುತ್ತದೆ.

ನವೋದಯದ ಮಾದರಿಯಲ್ಲಿ ರಾಜ್ಯವೂ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನು ತೆರೆಯಿತು. ಇವುಗಳ ನಿರ್ವಹಣೆಗೆ 1999ರಲ್ಲಿ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ಸ್ಥಾಪನೆಯಾಯಿತು. ಇಲ್ಲಿಯೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ. ಅಂಕ, ಮೀಸಲಾತಿ, ಮಗು ಬಯಸಿದ ಶಾಲೆಗಳ ಪಟ್ಟಿ, ಈ ಮೂರನ್ನೂ ಹೊಂದಿಸಿ ಸೀಟು ಕೊಡುತ್ತಾರೆ. ಅಲ್ಲಿ ಓದಿದ ಕೂಲಿಕಾರರ ಮಕ್ಕಳು ಡಾಕ್ಟರು, ಇಂಜಿನಿಯರು, ಅಧ್ಯಾಪಕರಾಗಿದ್ದಾರೆ. ಆಯ್ಕೆಯಾದ ಮಗುವಿಗೆ ಹಿಂದಿನವರು ಬಯಸಿದ್ದ ತಟ್ಟೆಯೂ ಚಾಪೆಯೂ ಒಟ್ಟಿಗೇ ಸಿಕ್ಕಿವೆ. ಆದರೆ ಒಂದೆರಡು ಅಂಕದಿಂದ ಹೊರಗುಳಿದ ಮಗುವಿನ ಹಸಿವು ಆಯ್ಕೆಯಾದ ಮಗುವಿನ ಹಸಿವಿಗಿಂತ ಕಡಿಮೆಯೇನಲ್ಲ. ಅಂಕ ಅಳೆಯುವುದು ಕಲಿಕೆಯನ್ನು, ಅಗತ್ಯವನ್ನಲ್ಲ.

ಪ್ರೌಢಶಾಲೆಯ ವಿಳಾಸ ಮುಂದೆಯೂ ಬೆನ್ನು ಹತ್ತುತ್ತದೆ

ವೃತ್ತಿಶಿಕ್ಷಣದ ಸೀಟುಗಳ ವಿವಾದದಲ್ಲಿ ನಮ್ಮ ರಾಜ್ಯದ ಹೆಸರು ಇಡೀ ದೇಶಕ್ಕೆ ಗೊತ್ತು. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೈಸೂರು ರಾಜ್ಯದ ಮೀಸಲಾತಿ ಆದೇಶವನ್ನು ರದ್ದುಗೊಳಿಸಿತು. ಸಾಮಾನ್ಯವಾಗಿ ಮೀಸಲಾತಿ ಶೇ. 50ರ ಒಳಗಿರಬೇಕೆಂಬ ಮಾತು ಆಗ ಬಂತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯಿದೆ, 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ನಮ್ಮ ಸಿಇಟಿ.

ಈ ಕಾಲೇಜು ಸೀಟುಗಳಿಗೂ ಪ್ರೌಢಶಾಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಕರ್ನಾಟಕದ ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ವಿದ್ಯಾರ್ಥಿಗಳಿಗೆ ಮೀಸಲು. ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕೆಂಬುದು ಅದರ ಮುಖ್ಯ ಷರತ್ತು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ, ಅಲ್ಲಿಯೂ ಹತ್ತು ವರ್ಷದ ಲೆಕ್ಕವೇ. ಇನ್ನು ಪಟ್ಟಣದ ಅಂಚಿನ ಹಳ್ಳಿಯೊಂದನ್ನು ಕಲ್ಪಿಸಿಕೊಳ್ಳಿ. ಏಳನೆಯ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದಿದ ಹುಡುಗಿ, ಪುರಸಭೆಯ ವ್ಯಾಪ್ತಿಯ ಪ್ರೌಢಶಾಲೆ ಹತ್ತಿರವಿದೆಯೆಂದು ಎಂಟನೆಯ ತರಗತಿಗೆ ಅಲ್ಲಿಗೆ ಸೇರುತ್ತಾಳೆ. ಅವಳು ಮಲಗುವುದು ಹಳ್ಳಿಯ ಮನೆಯಲ್ಲೇ, ರಜೆಯಲ್ಲಿ ಹೊಲದ ಕೆಲಸ ಮಾಡುವುದೂ ಅಲ್ಲೇ. ಆದರೆ ಗ್ರಾಮೀಣ ಮೀಸಲಾತಿಯ ಲೆಕ್ಕದಲ್ಲಿ ಅವಳು ಹೊರಗೆ. ಐದಾರು ವರ್ಷದ ನಂತರ, ದಾಖಲೆ ಪರಿಶೀಲನೆಯ ದಿನ, ಆ ಸಂಗತಿ ಮನೆಯವರಿಗೆ ತಿಳಿಯುತ್ತದೆ. ಎಂಟನೆಯ ತರಗತಿಗೆ ಸೇರಿಸುವಾಗಲೇ ಈ ಮಾತನ್ನು ಅವರಿಗೆ ಹೇಳಬೇಕಾದವರು ಯಾರು?

ಅದೃಷ್ಟದ ಚೀಟಿ

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಮಗುವನ್ನು ಪರೀಕ್ಷಿಸಿ, ತಂದೆತಾಯಿಯನ್ನು ಸಂದರ್ಶಿಸಿ ಶಾಲೆಗೆ ಸೇರಿಸಿಕೊಳ್ಳುವುದನ್ನು ಅದು ನಿಷೇಧಿಸಿತು. ಖಾಸಗಿ ಅನುದಾನರಹಿತ ಶಾಲೆಗಳಲ್ಲಿ ಪ್ರವೇಶದ ಹಂತದಲ್ಲಿ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಕರ್ನಾಟಕದಲ್ಲಿ ಇದು 2012-13ರಲ್ಲಿ ಆರಂಭವಾಯಿತು. ಅರ್ಜಿಗಳು ಸೀಟಿಗಿಂತ ಹೆಚ್ಚಾದಾಗ ಲಾಟರಿ. ಆರು ವರ್ಷದ ಮಕ್ಕಳಲ್ಲಿ ಯಾರು ಅರ್ಹರು ಎಂದು ಅಳೆಯುವುದಕ್ಕಿಂತ ಚೀಟಿ ಎತ್ತುವುದು ನ್ಯಾಯವೆಂಬ ವಿಚಾರ ಅದರ ಹಿಂದೆ ಇತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದಾಯಿತು. ಅದೇ ವರ್ಷ ಹೈಕೋರ್ಟು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆದರೆ ಪ್ರೌಢಶಾಲೆಯ ದೃಷ್ಟಿಯಿಂದ ಮುಖ್ಯವಾದ ಮಾತು ಬೇರೆ. ಈ ಕಾಯಿದೆಯ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟನೆಯ ತರಗತಿಯಿಂದ. 2012-13ರಲ್ಲಿ ಒಂದನೆಯ ತರಗತಿಗೆ ಲಾಟರಿಯಲ್ಲಿ ಸೇರಿದ ಮಗು ತಪ್ಪದೆ ಓದಿದ್ದರೆ 2020-21ರಲ್ಲಿ ಒಂಬತ್ತನೆಯ ತರಗತಿಗೆ ಬಂತು. ಅದು ಕೊರೊನಾದ ವರ್ಷ, ದುಡಿಮೆ ನಿಂತಿದ್ದ ವರ್ಷ. ಅಂದು ಆ ಮನೆಯ ಮುಂದೆ ಇದ್ದದ್ದು ಎರಡೇ ದಾರಿ. ಒಂದೋ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಎಸ್. ಎಸ್. ಎಲ್. ಸಿ.ಗೆ ಇನ್ನು ಎರಡೇ ವರ್ಷ ಇರುವಾಗ ಶಾಲೆ ಬದಲಿಸಬೇಕು. ಎಂಟು ವರ್ಷದ ಹಿಂದೆ ಬಂದ ಅದೃಷ್ಟ ಸರಿಯಾಗಿ ಪ್ರೌಢಶಾಲೆಯ ನಡುವೆ ಕೈಬಿಡುತ್ತದೆ.

ಯಂತ್ರ ಹಂಚಿದರೆ ಸಾಕೇ?

ಸೀಟು ಹಂಚಿಕೆಯನ್ನು ಗಣಿತದಿಂದ ಬಿಡಿಸಲು ಹೊರಟವರೂ ಇದ್ದಾರೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಒಂದು ಕ್ರಮವನ್ನು ಸೂಚಿಸಿದರು. ಪ್ರತಿ ಮಗು ತನಗೆ ಬೇಕಾದ ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತದೆ. ಮೊದಲು ಎಲ್ಲರೂ ತಮ್ಮ ಮೊದಲ ಶಾಲೆಯನ್ನು ಕೇಳುತ್ತಾರೆ. ಶಾಲೆ ತನ್ನ ಆದ್ಯತೆಯ ಪ್ರಕಾರ ಕೆಲವರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಬಿಡುತ್ತದೆ. ಬಿಟ್ಟವರು ತಮ್ಮ ಎರಡನೆಯ ಶಾಲೆಯನ್ನು ಕೇಳುತ್ತಾರೆ. ಆ ಶಾಲೆ ಹೊಸಬರನ್ನೂ ಮೊದಲು ಇಟ್ಟುಕೊಂಡವರನ್ನೂ ಒಟ್ಟಿಗೆ ನೋಡಿ ಮತ್ತೆ ತೀರ್ಮಾನಿಸುತ್ತದೆ. ಕೇಳುವವರು ಯಾರೂ ಉಳಿಯದಾಗ ಪಟ್ಟಿ ಸ್ಥಿರವಾಗುತ್ತದೆ. ಇದರ ಗುಣವೆಂದರೆ ಮಗು ತನ್ನ ಮನಸ್ಸಿನ ಕ್ರಮವನ್ನು ಅಂಜದೆ ಬರೆಯಬಹುದು. ಮೊದಲ ಆಸೆಯನ್ನು ಬರೆದು ಸೋತರೆ ಎರಡನೆಯದೂ ಕೈತಪ್ಪೀತೆಂಬ ಭಯವಿಲ್ಲ.

ನ್ಯೂಯಾರ್ಕ್ ನಗರ 2003-04ರ ಸುಮಾರಿಗೆ ತನ್ನ ಪ್ರೌಢಶಾಲೆಗಳಿಗೆ ಈ ಕ್ರಮವನ್ನು ಅಳವಡಿಸಿಕೊಂಡಿತು. ಹಿಂದೆ ವರ್ಷಕ್ಕೆ ಸುಮಾರು 30,000 ಮಕ್ಕಳಿಗೆ ತಾವು ಕೇಳದೇ ಇದ್ದ ಶಾಲೆ ಸಿಗುತ್ತಿತ್ತು, ನಂತರ ಆ ಸಂಖ್ಯೆ ಸುಮಾರು 3,000ಕ್ಕೆ ಇಳಿಯಿತು. ಬಾಸ್ಟನ್ ನಗರವೂ 2005ರಲ್ಲಿ ಇದೇ ದಾರಿ ಹಿಡಿಯಿತು. 2012ರಲ್ಲಿ ಶೇಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಕಂಪ್ಯೂಟರಿನಿಂದ ಸೀಟು ಹಂಚುವುದು ನಮ್ಮಲ್ಲಿಯೂ ಬಂದಿದೆ, ಶಿಫಾರಸಿನ ಪತ್ರಗಳ ಕಾಲಕ್ಕಿಂತ ಅದು ಖಂಡಿತ ಮೇಲು. ಆದರೆ ಯಂತ್ರ ಏನು ಮಾಡಲಾರದು ಎಂಬುದೂ ನಮಗೆ ತಿಳಿದಿರಬೇಕು. ಹತ್ತಿರದ ಮಗು ಮೊದಲೋ, ಹೆಚ್ಚು ಅಂಕದ ಮಗು ಮೊದಲೋ, ತಂದೆಯಿಲ್ಲದ ಮಗು ಮೊದಲೋ ಎಂಬುದನ್ನು ಯಂತ್ರ ಹೇಳುವುದಿಲ್ಲ. ಆ ಕ್ರಮವನ್ನು ನಾವು ಬರೆದು ಕೊಡಬೇಕು. ಅರ್ಜಿಯನ್ನೇ ಹಾಕದ ಮಗುವನ್ನು ಅದು ಕಾಣುವುದಿಲ್ಲ. ಇಲ್ಲದ ಸೀಟನ್ನು ಅದು ಹುಟ್ಟಿಸುವುದೂ ಇಲ್ಲ.

ಇತಿಹಾಸ ಹೇಳುವ ಮಾತು

ಮಿತ್ರರೇ, ನಾವು ನೋಡಿದ ಈ ದಾರಿಯಲ್ಲಿ ದೂರ, ಜಾತಿ, ಅನ್ನ, ಅಂಕ, ಅದೃಷ್ಟ ಒಂದಾದ ಮೇಲೊಂದು ಕಾವಲುಗಾರನಾಗಿ ಬಾಗಿಲಲ್ಲಿ ನಿಂತಿವೆ. ಪ್ರತಿ ಕಾಲವೂ ತನ್ನ ಹಂಚಿಕೆಯೇ ನ್ಯಾಯವೆಂದು ನಂಬಿತ್ತು. ಆದರೆ ನಿಜವಾಗಿ ಹೆಚ್ಚು ಮಕ್ಕಳು ಒಳಗೆ ಬಂದದ್ದು ಹಂಚಿಕೆ ಜಾಣತನದ್ದಾದಾಗ ಅಲ್ಲ. ಹತ್ತಿರದಲ್ಲಿ ಶಾಲೆ ಎದ್ದಾಗ, ವಿದ್ಯಾರ್ಥಿನಿಲಯ ಬಂದಾಗ, ಸೈಕಲ್ ಸಿಕ್ಕಾಗ. ವಸತಿ ಶಾಲೆಯ ಪಟ್ಟಿಯಲ್ಲಿ ಹೆಸರು ಬಂದ ಮಗುವನ್ನು ಅಭಿನಂದಿಸೋಣ. ಪಟ್ಟಿಯಲ್ಲಿ ಬಾರದ ಬಹುಪಾಲು ಮಕ್ಕಳು ಹೋಗುವುದು ಊರ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ. ಅಲ್ಲಿ ಗಣಿತದ ಮೇಷ್ಟರ ಹುದ್ದೆ ಖಾಲಿ ಇದ್ದರೆ, ಹುಡುಗಿಯರಿಗೆ ಶೌಚಾಲಯ ಇಲ್ಲದಿದ್ದರೆ, ಸೀಟು ಸಿಕ್ಕಿಯೂ ಸಿಗದಂತೆಯೇ.

ನೀವು ಶಾಲಾಭಿವೃದ್ಧಿ ಸಮಿತಿಯಲ್ಲಿರಬಹುದು, ಗ್ರಾಮ ಪಂಚಾಯಿತಿ ಸದಸ್ಯರಿರಬಹುದು, ಅಥವಾ ಒಂದು ಮಗುವಿನ ತಾಯಿಯೋ ತಂದೆಯೋ ಆಗಿರಬಹುದು. ಈ ವರ್ಷ ನಿಮ್ಮ ಊರಿನಲ್ಲಿ ಐದನೆಯ ತರಗತಿಯಲ್ಲಿರುವ ಎಲ್ಲ ಮಕ್ಕಳ ಮನೆಗೂ ವಸತಿ ಶಾಲೆಗಳ ಅರ್ಜಿಯ ವಿಷಯ ತಲುಪಿದೆಯೇ ವಿಚಾರಿಸಿ. ಏಳನೆಯ ತರಗತಿ ಮುಗಿಸಿದ ಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ಹತ್ತಿರದ ಪ್ರೌಢಶಾಲೆಗಳ ಎಂಟನೆಯ ತರಗತಿಯ ಹಾಜರಿಯ ಜೊತೆ ಆ ಹಾಳೆಯನ್ನು ಹೋಲಿಸಿ ನೋಡಿ. ಹಾಳೆಯಲ್ಲಿದ್ದು ಯಾವ ಹಾಜರಿಯಲ್ಲೂ ಇಲ್ಲದ ಹೆಸರು ಒಂದೇ ಒಂದಿದ್ದರೂ, ಆ ಮನೆಯ ಬಾಗಿಲು ತಟ್ಟಿ ಕಾರಣ ಕೇಳಿ.